ಹಾಕುವುದು ಸುಲಭ, ಬಿಡಿಸಿಕೊಳ್ಳುವುದು?

ರಾಯಚೂರಿನ ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಕೌಂಟರಿನ ಹಿಂದೊಂದು ಕಪಾಟು ಇರುತ್ತದೆ. ಒಳಗೆ ಸಾಲಾಗಿ ನಿಂತ ಹಾರ್ಡ್‌ಡಿಸ್ಕುಗಳು. ಪ್ರತಿಯೊಂದರ ಬೆನ್ನಿಗೂ ಬಿಳಿ ಟೇಪು, ಟೇಪಿನ ಮೇಲೆ ಮಾರ್ಕರ್ ಬರಹ: ಮಾನ್ವಿ ಮದುವಿ, ದೇವದುರ್ಗ ಗೃಹಪ್ರವೇಶ, ಶಕ್ತಿನಗರ ಶಾಲಿ ಗ್ಯಾದರಿಂಗ್. ಒಂದು ಮದುವೆಯ ಫೋಟೋ, ವಿಡಿಯೋ ಎಲ್ಲ ಸೇರಿದರೆ ಈಗ ನೂರಿನ್ನೂರು ಜಿಬಿ ಸಲೀಸಾಗಿ ದಾಟುತ್ತದೆ. ಗೂಗಲ್ ಬಿಟ್ಟಿ ಕೊಡುವ 15 ಜಿಬಿ ಅರಿಶಿನದ ಶಾಸ್ತ್ರಕ್ಕೂ ಸಾಲುವುದಿಲ್ಲ. 2021ರ ಜೂನ್ 1ಕ್ಕೆ ಮುಂಚೆ ಗೂಗಲ್ ಫೋಟೋಸ್ ಗುಣಮಟ್ಟ ಕೊಂಚ ತಗ್ಗಿಸಿಕೊಂಡು ಎಷ್ಟು ಚಿತ್ರ ಕೊಟ್ಟರೂ ಇಟ್ಟುಕೊಳ್ಳುತ್ತಿತ್ತು. ಆ ದಿನದಿಂದ ಅದೂ ಲೆಕ್ಕಕ್ಕೆ ಬಂತು. ಎರಡು ವರ್ಷ ತೆರೆಯದೇ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಜಾರಿಗೆ ಬಂತು. ದುಡ್ಡು ಕೊಟ್ಟವರೂ ನಿಶ್ಚಿಂತೆಯಿಂದ ಇರುವಂತಿಲ್ಲ ಎನ್ನುವುದಕ್ಕೆ 2025ರ ಜುಲೈಯಲ್ಲಿ ನಡೆದದ್ದೇ ಸಾಕ್ಷಿ. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿ ಮೇಲೆ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿತು. ಅದರ ಬೆನ್ನಿಗೇ ಮೈಕ್ರೋಸಾಫ್ಟ್ ಆ ಕಂಪನಿಯ ಸೇವೆ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿದ ಮೇಲೆ ಸೇವೆ ಮರಳಿತು. ನಮ್ಮ ಸ್ಟುಡಿಯೋದವನಿಗಾಗಲಿ ಮಾನ್ವಿ ಕೋರ್ಟಿನ ವಕೀಲರಿಗಾಗಲಿ ಹೈಕೋರ್ಟಿಗೆ ಹೋಗಿ ತಮ್ಮ ಫೈಲು ಕೇಳುವ ತಾಕತ್ತು ಎಲ್ಲಿಂದ ಬರಬೇಕು?

ಹಾಗಾಗಿ ಸ್ವಂತದ್ದೊಂದು ಕ್ಲೌಡ್ ಇಟ್ಟುಕೊಳ್ಳೋಣ ಎಂಬ ಮಾತು ಜಿಲ್ಲಾ ಊರುಗಳಿಗೂ ಬಂದಿದೆ. ಅದಕ್ಕೆ ಬೇಕಾದದ್ದು ಒಂದು ಹಳೆಯ ಕಂಪ್ಯೂಟರ್, ಎರಡು ದೊಡ್ಡ ಡಿಸ್ಕು ಮತ್ತು ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶ. ಫ್ರಾಂಕ್ ಕಾರ್ಲಿಟ್ಶೆಕ್ ಎಂಬ ಜರ್ಮನ್ ತಂತ್ರಜ್ಞ 2010ರಲ್ಲಿ ಓನ್‌ಕ್ಲೌಡ್ ಶುರುಮಾಡಿದರು, 2016ರಲ್ಲಿ ಅಲ್ಲಿಂದ ಹೊರಬಂದು ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಜರ್ಮನಿಯ ಕೇಂದ್ರ ಸರ್ಕಾರವೇ 2018ರಲ್ಲಿ ತನ್ನ ನೌಕರರ ಫೈಲುಗಳಿಗೆ ಇದನ್ನು ಆರಿಸಿಕೊಂಡಿತು. ತಂತ್ರಾಂಶ ಗಟ್ಟಿಯಾಗಿದೆಯೇ ಎಂಬ ಅನುಮಾನ ಬೇಡ. ಜಗಳ ಇರುವುದು ಅದನ್ನು ಹಾಕುವ ರೀತಿಯಲ್ಲಿ. ಸ್ಟೋರೇಜ್ ಪೆಟ್ಟಿಗೆಯ ಮೆನುವಿನಲ್ಲಿ ಸಿಗುವ ಪ್ಲಗಿನ್ ಒತ್ತಿ ಮುಗಿಸುವುದೋ ಅಥವಾ ಒಂದೊಂದೇ ಭಾಗವನ್ನು ಕೈಯಾರೆ ಕೂರಿಸುವುದೋ? ಬಲ್ಲವರನ್ನು ಕೇಳಿದರೆ ಎರಡು ಪಂಗಡ. ಪ್ಲಗಿನ್ ಎಂದರೆ ಸೋಮಾರಿಗಳ ದಾರಿ ಎನ್ನುವವರು ಒಂದು ಕಡೆ. ಕೈಯಾರೆ ಹಾಕುವುದು ಬರಿಯ ಹಟ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಮೊದಲ ದಿನದ ಮೇಲೆ ಕಣ್ಣಿಟ್ಟು ವಾದಿಸುತ್ತಾರೆ. ಮೂರನೆಯ ವರ್ಷದ ಲೆಕ್ಕ ಯಾರ ಬಳಿಯೂ ಇಲ್ಲ.

ಕೈಯಾರೆ ಹಾಕುವುದೆಂದರೆ ಏನು ಎಂಬುದನ್ನು ತುಸು ಹತ್ತಿರದಿಂದ ನೋಡೋಣ. ಡೆಬಿಯನ್ ಅಥವಾ ಉಬುಂಟು ಹಾಕಿದ ಯಂತ್ರದಲ್ಲಿ ಅಪಾಚೆ ವೆಬ್ ಸರ್ವರ್, ಪಿಎಚ್‌ಪಿ ಮತ್ತು ಅದರ ಹತ್ತಾರು ಉಪಭಾಗಗಳು, ಮಾರಿಯಾಡಿಬಿ ಡೇಟಾಬೇಸ್, ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತಿದ್ದಿದಾಗ ಬೀಗ ಹಾಕಿ ಕಾಯುವ ರೆಡಿಸ್, ಐದು ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಕೆಲಸ. ಕೊನೆಗೆ ಕಾನ್ಫಿಗ್ ಡಾಟ್ ಪಿಎಚ್‌ಪಿ ಎಂಬ ಒಂದು ಪುಟದ ಫೈಲು. ಯಾವ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕು, ಡೇಟಾಬೇಸಿನ ಪಾಸ್‌ವರ್ಡ್ ಏನು, ಫೈಲುಗಳು ಯಾವ ಫೋಲ್ಡರಿನಲ್ಲಿವೆ ಎಂಬುದೆಲ್ಲ ಅಲ್ಲೇ ಇರುತ್ತದೆ. ಆ ಫೈಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟರೂ ಪರದೆ ಖಾಲಿ. ಅಭ್ಯಾಸವಿದ್ದವರಿಗೆ ಇದು ಒಂದು ಮಧ್ಯಾಹ್ನದ ಕೆಲಸ, ಹೊಸಬರಿಗೆ ಒಂದು ವಾರ. ಲಾಭವೂ ಸಣ್ಣದಲ್ಲ. ಯಾವ ತಿರುಪು ಎಲ್ಲಿದೆ ಎಂಬುದು ಹಾಕಿದವನಿಗೆ ಗೊತ್ತು, ಮತ್ತು ಬಳಸಿದ ಭಾಗಗಳೆಲ್ಲ ಜಗತ್ತಿನಾದ್ಯಂತ ಲಕ್ಷಾಂತರ ಸರ್ವರ್‌ಗಳಲ್ಲಿರುವಂಥವೇ. ಕೆಟ್ಟರೆ ಉತ್ತರ ಹುಡುಕಲು ಎಲ್ಲಿಗೂ ಅಲೆಯಬೇಕಿಲ್ಲ.

ಪ್ಲಗಿನ್‌ನದು ಬೇರೆ ಕತೆ. ಒಲಿವಿಯೇ ಕೊಶಾರ್-ಲಾಬೆ ಎಂಬ ಫ್ರೆಂಚ್ ಎಂಜಿನಿಯರ್ 2005ರಲ್ಲಿ ಶುರುಮಾಡಿದ ಫ್ರೀನಾಸ್, ಮನೆಯ ಹಳೆ ಕಂಪ್ಯೂಟರನ್ನು ಸ್ಟೋರೇಜ್ ಪೆಟ್ಟಿಗೆಯಾಗಿ ಮಾಡುವ ಜನಪ್ರಿಯ ದಾರಿ. ಮುಂದೆ ಅದನ್ನು ಐಎಕ್ಸ್‌ಸಿಸ್ಟಮ್ಸ್ ಕಂಪನಿ ವಹಿಸಿಕೊಂಡಿತು, ಈಗ ಅದರ ಹೆಸರು ಟ್ರೂನಾಸ್. ಅದರ ಪ್ಲಗಿನ್ ಪಟ್ಟಿಯಲ್ಲಿ ನೆಕ್ಸ್ಟ್‌ಕ್ಲೌಡ್ ಮೇಲೆ ಒತ್ತಿದರೆ, ಫ್ರೀಬಿಎಸ್‌ಡಿ ವ್ಯವಸ್ಥೆಯ 'ಜೈಲ್' ಎಂಬ ಪ್ರತ್ಯೇಕ ಕೋಣೆಯೊಂದು ಹುಟ್ಟಿ, ಅದರೊಳಗೆ ವೆಬ್ ಸರ್ವರು, ಡೇಟಾಬೇಸು ಎಲ್ಲ ತಾವಾಗಿ ಬಂದು ಕೂರುತ್ತಿದ್ದವು. ಚಹಾ ಕುಡಿದು ಬರುವಷ್ಟರಲ್ಲಿ ಕ್ಲೌಡ್ ತಯಾರು. ಜೈಲಿನೊಳಗೆ ಏನಿದೆ ಎಂದು ಹಾಕಿದವರು ಕೇಳುವುದೂ ಇಲ್ಲ, ಕೇಳುವ ಅಗತ್ಯವೂ ಬೀಳುವುದಿಲ್ಲ. ಅಗತ್ಯ ಬೀಳುವ ದಿನದವರೆಗೆ, ಅಷ್ಟೇ.

ಆ ದಿನ ಬಂದೇ ಬಂತು. ಫ್ರೀಬಿಎಸ್‌ಡಿ 11ರ ಸರಣಿಗೆ ಬೆಂಬಲ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದರ ಮೇಲೆ ಕಟ್ಟಿದ ಜೈಲುಗಳಿಗೆ ಹೊಸ ಪ್ಯಾಕೇಜು ಸಿಗುವುದು ನಿಂತಿತು. ಟ್ರೂನಾಸ್ ಕಂಪನಿ ತನ್ನ ಗಮನವನ್ನೆಲ್ಲ ಲಿನಕ್ಸ್ ಆಧಾರದ 'ಸ್ಕೇಲ್' ಕಡೆ ತಿರುಗಿಸಿತು. ಅಲ್ಲಿ ಮೊದಲು ಆ್ಯಪ್‌ಗಳು ಕುಬರ್ನೆಟೀಸ್ ಎಂಬ ವ್ಯವಸ್ಥೆಯ ಮೇಲೆ ಓಡುತ್ತಿದ್ದವು, 2024ರ ಅಕ್ಟೋಬರ್‌ನ ಆವೃತ್ತಿಯಲ್ಲಿ ಡಾಕರ್ ಎಂಬ ಇನ್ನೊಂದಕ್ಕೆ ಬದಲಾದವು. ಕಂಪನಿಯ ಸ್ವಂತ ಪಟ್ಟಿಯ ಆ್ಯಪ್‌ಗಳು ಹೇಗೋ ದಾಟಿಕೊಂಡವು. ಹೊರಗಿನ ಸ್ವಯಂಸೇವಕರು ನಡೆಸುತ್ತಿದ್ದ ಟ್ರೂಚಾರ್ಟ್ಸ್ ಪಟ್ಟಿಯಿಂದ ಹಾಕಿಕೊಂಡವರು ನಡುನೀರಿನಲ್ಲಿ ಉಳಿದರು. ಇದರಲ್ಲಿ ಯಾರೂ ದುಷ್ಟರಲ್ಲ. ಕಂಪನಿ ತನ್ನ ದಾರಿ ಬದಲಿಸಿತು, ಅದು ಅದರ ಹಕ್ಕು. ಆದರೆ 'ಸ್ವಂತ' ಕ್ಲೌಡ್ ಎಂದುಕೊಂಡವರ ದಿನಚರಿ ಅಮೆರಿಕದ ಯಾವುದೋ ಕಚೇರಿಯ ಕ್ಯಾಲೆಂಡರಿಗೆ ಕಟ್ಟಿಬಿದ್ದಿತ್ತು ಎಂಬುದು ಅವತ್ತು ಗೊತ್ತಾಯಿತು. ಇದರ ಜೊತೆಗೆ ನೆಕ್ಸ್ಟ್‌ಕ್ಲೌಡ್‌ನದೇ ಒಂದು ಕಟ್ಟಳೆ ಇದೆ: ದೊಡ್ಡ ಆವೃತ್ತಿಗಳನ್ನು ಹಾರಿಸುವಂತಿಲ್ಲ. 27ರಿಂದ 28, ಅಲ್ಲಿಂದ 29, ಹೀಗೆ ಒಂದೊಂದೇ ಮೆಟ್ಟಿಲು. ಎರಡು ಮೂರು ವರ್ಷ ಯಾರೂ ಮುಟ್ಟದ ಪ್ಲಗಿನ್ ಹಲವು ಮೆಟ್ಟಿಲು ಕೆಳಗಿರುತ್ತದೆ, ಮಧ್ಯದ ಮೆಟ್ಟಿಲುಗಳು ಕೇಳುವ ಪಿಎಚ್‌ಪಿ ಆವೃತ್ತಿ ಆ ಜೈಲಿನೊಳಗೆ ಸಿಗುವುದೇ ಇಲ್ಲ.

ಇಷ್ಟು ಕೇಳಿ ಕೈಯಾರೆ ಹಾಕುವ ಪಂಗಡದವರು ಬೀಗುವಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ಪಿಎಚ್‌ಪಿ ಮತ್ತು ಎಂಜಿನ್‌ಎಕ್ಸ್ ಸರ್ವರ್ ಸೇರುವ ಜಾಗದಲ್ಲಿ ಒಂದು ದೋಷ ಬಯಲಾಯಿತು. ನೆಕ್ಸ್ಟ್‌ಕ್ಲೌಡ್ ತನ್ನ ಕೈಪಿಡಿಯಲ್ಲಿ ಕೊಟ್ಟಿದ್ದ ಮಾದರಿ ಸಂರಚನೆಯಲ್ಲೂ ಅದೇ ತೂತು ಇತ್ತು. ತಿದ್ದಿಕೊಳ್ಳಿ ಎಂದು ಅವರು ತಕ್ಷಣ ಸಾರಿದರು. ಕೈಪಿಡಿ ನೋಡಿ ಅಕ್ಷರ ಅಕ್ಷರ ನಕಲು ಮಾಡಿಕೊಂಡವರಲ್ಲಿ ಎಷ್ಟೋ ಜನ ಆ ಸುದ್ದಿ ಓದಲೇ ಇಲ್ಲ. ಮುಂದಿನ ತಿಂಗಳು 'ನೆಕ್ಸ್ಟ್‌ಕ್ರೈ' ಎಂಬ ಸುಲಿಗೆ ತಂತ್ರಾಂಶ ಅಂಥ ಸರ್ವರ್‌ಗಳಿಗೆ ನುಗ್ಗಿ ಫೈಲುಗಳನ್ನು ಗೂಢಲಿಪಿ ಮಾಡಿ ಹಣ ಕೇಳಿತು. ನಾಲ್ಕು ವರ್ಷದ ಮೇಲೆ, 2023ರ ನವೆಂಬರ್‌ನಲ್ಲಿ, ಪೆಟ್ಟು ಬಿದ್ದದ್ದು ಎದುರು ಪಂಗಡಕ್ಕೆ. ಓನ್‌ಕ್ಲೌಡ್‌ನ ಒಂದು ಉಪ ಆ್ಯಪ್ ಸರ್ವರಿನ ಒಳವಿವರಗಳನ್ನೆಲ್ಲ ಬೀದಿಗೆ ತೋರಿಸುತ್ತಿತ್ತು. ಬೇಕಾದ ಭಾಗಗಳನ್ನೆಲ್ಲ ಕಟ್ಟಿಕೊಟ್ಟಿರುವ ಸಿದ್ಧ ಕಂಟೇನರ್‌ಗಳಲ್ಲಿ ಆಡಳಿತಗಾರನ ಪಾಸ್‌ವರ್ಡ್ ಇರುವುದೂ ಆ ವಿವರಗಳ ನಡುವೆಯೇ. ಒಂದು ದೋಷ ಕೈಕೆಲಸದವರನ್ನು ಹಿಡಿಯಿತು, ಇನ್ನೊಂದು ಸಿದ್ಧಮಾಲಿನವರನ್ನು. ಸುರಕ್ಷತೆಯ ಹೆಸರಿನಲ್ಲಿ ಯಾವ ಪಂಗಡವೂ ಮೇಲುಗೈ ಹೇಳಿಕೊಳ್ಳುವಂತಿಲ್ಲ. ಎರಡೂ ಸಲ ಬಚಾವಾದವರು ಎಚ್ಚರಿಕೆ ಬಂದ ವಾರದಲ್ಲೇ ಯಂತ್ರದ ಮುಂದೆ ಕೂತವರು.

ಹಾಗಾದರೆ ನಮ್ಮ ಊರುಗಳಲ್ಲಿ ಯಂತ್ರದ ಮುಂದೆ ಕೂರುವವರು ಯಾರು? ರಾಯಚೂರಿನಲ್ಲಿ ಈಗ ಐಐಐಟಿ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಲಿನಕ್ಸ್ ಬಲ್ಲ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಆದರೆ ಅವರು ಓದು ಮುಗಿಸಿದ ಮರುದಿನವೇ ಬಸ್ಸು ಹತ್ತುತ್ತಾರೆ, ಹೈದರಾಬಾದಿಗೋ ಬೆಂಗಳೂರಿಗೋ. ತಪ್ಪೇನಲ್ಲ, ಕೆಲಸ ಇರುವುದು ಅಲ್ಲಿ. ರಜೆಗೆ ಬಂದಾಗ ಸೋದರಮಾವನ ಅಂಗಡಿಗೆ ಒಂದು ಸರ್ವರ್ ಹಾಕಿಕೊಟ್ಟು ಹೋಗಿರುತ್ತಾರೆ. ಬಲು ಚೆಂದದ ಸರ್ವರ್, ಕೈಯಾರೆ ಹಾಕಿದ್ದು. ಆರು ತಿಂಗಳ ಮೇಲೆ ಅದು 'ನಿರ್ವಹಣೆಯಲ್ಲಿದೆ' ಎಂಬ ಒಂದು ಸಾಲು ತೋರಿಸಿ ನಿಂತುಬಿಟ್ಟರೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: "ಅದೆಲ್ಲ ಆ ಹುಡುಗಗ ಗೊತ್ತೈತ್ರಿ ಸರ್. ಅಂವ ಈಗ ಹೈದ್ರಾಬಾದಿನ್ಯಾಗ ಅದಾನ, ರಾತ್ರಿ ಡ್ಯೂಟಿ, ಫೋನ್ ಎತ್ತವಲ್ಲ." ಅಪ್‌ಡೇಟ್ ಅರ್ಧಕ್ಕೆ ಕರೆಂಟು ಹೋಗಿ ನೆಕ್ಸ್ಟ್‌ಕ್ಲೌಡ್ ನಿರ್ವಹಣಾ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುತ್ತದೆ ಅಷ್ಟೇ. ಬಲ್ಲವನಿಗೆ ಒಂದೆರಡು ಆಜ್ಞೆಯ ಕೆಲಸ. ಬಲ್ಲವನು ಊರಲ್ಲಿಲ್ಲ.

ಹಾಗಾಗಿ ಪ್ಲಗಿನ್ ಹಾಕಿದವನು ದೂರದ ಕಂಪನಿಯ ಹಂಗಿನಲ್ಲಿರುತ್ತಾನೆ, ಕೈಯಾರೆ ಹಾಕಿಸಿಕೊಂಡವನು ದೂರ ಹೋದ ಹುಡುಗನ ಹಂಗಿನಲ್ಲಿ. ಹಂಗು ಎರಡರಲ್ಲೂ ಇದೆ. ನನ್ನ ವಾದ ಇಷ್ಟು: ಯಾವುದು ಬೇಗ ಹಾಕಬಹುದು ಎಂಬುದು ಇಲ್ಲಿ ಎರಡನೆಯ ದರ್ಜೆಯ ಪ್ರಶ್ನೆ. ತಂತ್ರಾಂಶ ಸತ್ತ ದಿನ ಡಿಸ್ಕನ್ನು ಕಳಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದರಲ್ಲಿ ಏನು ಕಾಣುತ್ತದೆ ಎಂಬುದು ಮೊದಲನೆಯದು.

ಈ ಭಾಗದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ದೇವದುರ್ಗ, ಮಾನ್ವಿ ಸೀಮೆಯ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಹೊಲದ ಆ ಕಾಲದ ಕಾಗದ ಇಂದಿಗೂ ಇದೆ. ಹುಳ ತಿಂದಿಲ್ಲ, ಶಾಯಿ ಮಾಸಿಲ್ಲ, ಮೊಹರು ಹಾಗೇ ಇದೆ. ಆದರೆ ಅಣ್ತಮ್ಮಂದಿರ ಪಾಲಿನ ತಕರಾರು ಕೋರ್ಟಿಗೆ ಬಂದಾಗ ಮನೆಯವರು ಮೊದಲು ಹುಡುಕುವುದು ವಕೀಲರನ್ನಲ್ಲ, ಹಳೆಯ ಶಿಕಸ್ತ ಕೈಬರಹದ ಉರ್ದು ಓದಬಲ್ಲ ಹಿರಿಯರೊಬ್ಬರನ್ನು. ಕಾಗದ ಉಳಿದಿದೆ, ಓದುವವರು ಉಳಿದಿಲ್ಲ. ಡಿಸ್ಕಿನ ವಿಷಯವೂ ಅದೇ.

ಈ ದೃಷ್ಟಿಯಿಂದ ನೋಡಿದರೆ ನೆಕ್ಸ್ಟ್‌ಕ್ಲೌಡ್‌ನಲ್ಲಿ ದೊಡ್ಡ ಗುಣವೊಂದಿದೆ. ಅದು ಫೈಲುಗಳನ್ನು ಸಾಮಾನ್ಯ ಫೋಲ್ಡರುಗಳಲ್ಲೇ ಇಡುತ್ತದೆ. ಬಳಕೆದಾರನ ಹೆಸರಿನ ಫೋಲ್ಡರು, ಅದರೊಳಗೆ 'ಫೈಲ್ಸ್', ಅದರೊಳಗೆ ನೀವು ಇಟ್ಟ ಹೆಸರಿನ ಚಿತ್ರ, ಪಿಡಿಎಫ್. ಡೇಟಾಬೇಸು ಪೂರ್ತಿ ಹಾಳಾದರೂ ಯಾರಿಗೆ ಏನು ಹಂಚಿದ್ದೆವು, ಯಾವುದಕ್ಕೆ ಯಾವ ಗುರುತು ಹಾಕಿದ್ದೆವು ಎಂಬುದು ಹೋಗುತ್ತದೆಯೇ ಹೊರತು ಮದುವೆಯ ಫೋಟೋ ಹೋಗುವುದಿಲ್ಲ. ಸರ್ವರ್ ಮಟ್ಟದ ಗೂಢಲಿಪೀಕರಣ ಚಾಲೂ ಮಾಡಿದ್ದರೆ ಮಾತ್ರ ಈ ಮಾತು ಸುಳ್ಳಾಗುತ್ತದೆ. ಆಗ ಕೀಲಿ ಕಳೆದರೆ ಎಲ್ಲವೂ ಕಳೆದಂತೆ. ಬಾಗಿಲ ಬೀಗ ಗಟ್ಟಿಯಿರುವ ಅಂಗಡಿಯಲ್ಲಿ ಅದನ್ನು ಚಾಲೂ ಮಾಡಲು ನಾನು ಹೇಳುವುದಿಲ್ಲ. ಇದಕ್ಕೆ ಹೋಲಿಸಿದರೆ ಓನ್‌ಕ್ಲೌಡ್ ಹೊಸದಾಗಿ ಬರೆದ 'ಇನ್ಫಿನಿಟ್ ಸ್ಕೇಲ್' ಹಾಕುವುದು ಇನ್ನೂ ಸುಲಭ, ಇಡೀ ತಂತ್ರಾಂಶ ಒಂದೇ ಫೈಲು, ಬೇರೆ ಡೇಟಾಬೇಸಿನ ಕಿರಿಕಿರಿಯೂ ಇಲ್ಲ. ಆದರೆ ಅದು ಬಂದಾಗಿನ ಪೂರ್ವನಿಗದಿತ ಪದ್ಧತಿಯಲ್ಲಿ ಡಿಸ್ಕಿನ ಮೇಲೆ ನಿಮ್ಮ ಫೈಲಿನ ಹೆಸರೇ ಕಾಣುವುದಿಲ್ಲ, ಉದ್ದುದ್ದ ಸಂಕೇತಗಳ ತುಂಡುಗಳಷ್ಟೇ. ಹಾಕುವ ಸುಖಕ್ಕೂ ಬಿಡಿಸಿಕೊಳ್ಳುವ ಸುಖಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ತೀರ್ಮಾನ. ಸ್ಟುಡಿಯೋ, ಅಕ್ಕಿ ಗಿರಣಿಯ ಕಚೇರಿ, ಮಾನ್ವಿಯ ವಕೀಲರ ಚೇಂಬರು, ದವಾಖಾನೆ, ಇಂಥಲ್ಲಿಗೆಲ್ಲ ನಾನು ಸಿದ್ಧಮಾಲಿನ ಪರ. ಕಂಪನಿಯ ಪೆಟ್ಟಿಗೆಗೆ ಅಂಟಿಕೊಂಡ ಪ್ಲಗಿನ್‌ಗಿಂತ, ನೆಕ್ಸ್ಟ್‌ಕ್ಲೌಡ್‌ನವರೇ ಹೊರತರುವ 'ಆಲ್-ಇನ್-ಒನ್' ಕಂಟೇನರ್ ಕಟ್ಟು ಮೇಲು. ಅದನ್ನು ಕಟ್ಟಿದವರೂ ಒಳಗಿನ ತಂತ್ರಾಂಶ ಬರೆದವರೂ ಒಬ್ಬರೇ, ನಡುವೆ ಮೂರನೆಯವರಿಲ್ಲ. ಡಾಕರ್ ಓಡುವ ಯಾವ ಯಂತ್ರದ ಮೇಲಾದರೂ ಕೂರುತ್ತದೆ, ಬೋರ್ಗ್ ಎಂಬ ಸಾಧನದಿಂದ ಬ್ಯಾಕಪ್ಪನ್ನೂ ತಾನೇ ತೆಗೆಯುತ್ತದೆ. ಆದರೆ ಎರಡು ಶರತ್ತು. ಫೈಲುಗಳ ಫೋಲ್ಡರು ಕಂಟೇನರಿನ ಹೊಟ್ಟೆಯೊಳಗಲ್ಲ, ಪ್ರತ್ಯೇಕ ಡಿಸ್ಕಿನ ಮೇಲೆ, ನಿಮಗೆ ಗೊತ್ತಿರುವ ಜಾಗದಲ್ಲಿರಬೇಕು. ಮತ್ತು ಬ್ಯಾಕಪ್ಪಿನ ಪಾಸ್‌ವರ್ಡು ಕಾಗದದ ಮೇಲೆ ಬರೆದು ತಿಜೋರಿಯಲ್ಲಿರಬೇಕು. ಆ ಬ್ಯಾಕಪ್ಪು ಗೂಢಲಿಪಿಯಲ್ಲಿರುತ್ತದೆ, ಪಾಸ್‌ವರ್ಡು ಕೇಳದೆ ಒಂದು ಚಿತ್ರವನ್ನೂ ಬಿಟ್ಟುಕೊಡುವುದಿಲ್ಲ. ಆ ಪಾಸ್‌ವರ್ಡನ್ನು ಅದೇ ಸರ್ವರಿನೊಳಗೆ ಒಂದು ಟಿಪ್ಪಣಿಯಲ್ಲಿ ಉಳಿಸಿಟ್ಟುಕೊಳ್ಳುವ ಜಾಣರೂ ಇದ್ದಾರೆ.

ವಿದ್ಯಾರ್ಥಿಗಳಿಗೆ ಮಾತ್ರ ಕೈಯಾರೆಯೇ ಹಾಕಿ ಎನ್ನುತ್ತೇನೆ, ಅದೂ ಹಳೆಯ ಲ್ಯಾಪ್‌ಟಾಪಿನ ಮೇಲೆ, ಅಂಗಡಿಯ ಕೆಲಸಕ್ಕಲ್ಲ. ಸಿದ್ಧಮಾಲು ಕೆಟ್ಟಾಗ ಒಳಗೆ ಇಣುಕುವ ಧೈರ್ಯ ಬರುವುದು ಒಮ್ಮೆ ಕೈಯಾರೆ ಕಟ್ಟಿದವರಿಗೇ.

ಇವೆರಡಕ್ಕೂ ಸೇರದ ಸಂಗತಿಯೊಂದಿದೆ. ಮಾನ್ವಿ, ದೇವದುರ್ಗ ತಾಲ್ಲೂಕುಗಳು ದಾಸರ ನೆಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಮಾನ್ವಿ ಸೀಮೆಯಲ್ಲಿವೆ, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆ. ಈ ಸೀಮೆಯ ಮನೆಗಳಲ್ಲಿ ಕೀರ್ತನೆ, ಸುಳಾದಿಗಳ ಕೈಬರಹದ ವಹಿಗಳು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟು ಉಳಿದು ಬಂದಿವೆ. ಇವತ್ತು ಮೊಮ್ಮಕ್ಕಳು ಮೊಬೈಲಿನಲ್ಲಿ ಒಂದೊಂದೇ ಹಾಳೆಯ ಚಿತ್ರ ತೆಗೆಯುತ್ತಿದ್ದಾರೆ. ಒಳ್ಳೆಯದೇ. ಈ ಚಿತ್ರಗಳನ್ನು ನೆಕ್ಸ್ಟ್‌ಕ್ಲೌಡ್‌ಗೆ ಹಾಕಿ ಆಲ್ಬಂ ಮಾಡಿ, ಗುರುತು ಹಚ್ಚಿ, ಟಿಪ್ಪಣಿ ಸೇರಿಸಿದರೆ ಸಾಕೇ ಎಂದು ಕೇಳಿದರೆ ಸಾಲದು ಎನ್ನುತ್ತೇನೆ. ಆಲ್ಬಮ್ಮು, ಗುರುತು, ಟಿಪ್ಪಣಿ ಎಲ್ಲ ಡೇಟಾಬೇಸಿನೊಳಗೆ ಇರುತ್ತವೆ. ಇನ್ನೂರು ವರ್ಷ ಬಟ್ಟೆಯ ಗಂಟಿನಲ್ಲಿ ಬದುಕಿದ ವಹಿ ಐದು ವರ್ಷದ ಡೇಟಾಬೇಸಿನ ಆಯಸ್ಸಿಗೆ ಕಟ್ಟಿಬೀಳಬಾರದು. ಇಲ್ಲಿ ಪ್ಲಗಿನ್ನೂ ಬೇಡ, ಕೈಕೆಲಸವೂ ಬೇಡ. ಕ್ಲೌಡ್ ತಂತ್ರಾಂಶವನ್ನು ಬರಿಯ ಹಂಚಿಕೆಯ ಕಿಟಕಿಯಾಗಿ ಇಟ್ಟುಕೊಳ್ಳಿ. ಮೂಲ ಸಂಗ್ರಹ ಸಾದಾ ಫೋಲ್ಡರಿನಲ್ಲಿರಲಿ. ಫೈಲಿನ ಹೆಸರಿನಲ್ಲೇ ಊರು, ದಾಸರ ಅಂಕಿತ, ಹಾಳೆಯ ಸಂಖ್ಯೆ ಇರಲಿ. ಪಕ್ಕದಲ್ಲಿ ಯೂನಿಕೋಡ್ ಕನ್ನಡದ ಒಂದು ಸಾದಾ ಪಠ್ಯ ಫೈಲಿರಲಿ, ಯಾರ ಮನೆಯ ವಹಿ, ಯಾವ ಹಾಳೆ ಹರಿದಿದೆ, ಯಾವ ಸಾಲು ಅಸ್ಪಷ್ಟ ಎಂದು ಬರೆದಿಡಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿಟ್ಟವರ ಪಾಡು ಈಗ ಏನಾಗಿದೆ ಎಂಬುದು ಕನ್ನಡದ ಪತ್ರಿಕಾ ಕಚೇರಿಗಳಿಗೆ ಗೊತ್ತೇ ಇದೆ.

ಇನ್ನು ಹೊರಗಿನಿಂದ ತಲುಪುವ ದಾರಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಹೇಳದೆ ಬಿಡುವಂತಿಲ್ಲ. ನಮ್ಮ ಕಡೆಯ ಬಹುಪಾಲು ಸಂಪರ್ಕಗಳಲ್ಲಿ ಒಂದೇ ಐಪಿ ವಿಳಾಸವನ್ನು ಕಂಪನಿಗಳು ನೂರಾರು ಮನೆಗಳಿಗೆ ಹಂಚುತ್ತವೆ. ರೌಟರಿನಲ್ಲಿ ಪೋರ್ಟು ತೆರೆದರೂ ದೇವದುರ್ಗದಿಂದ ರಾಯಚೂರಿನ ಪೆಟ್ಟಿಗೆ ಕಾಣುವುದಿಲ್ಲ. ಕಾಣದಿರುವುದೇ ಲೇಸು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ನುಗ್ಗಿದ್ದು ಅಂತರ್ಜಾಲಕ್ಕೆ ನೇರ ಬಾಗಿಲು ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ಸ್ಟೋರೇಜ್ ಪೆಟ್ಟಿಗೆಗಳಿಗೆ. ವೈರ್‌ಗಾರ್ಡ್‌ನಂಥ ಖಾಸಗಿ ಸುರಂಗ ಹಾಕಿಸಿಕೊಂಡರೆ ಮನೆಯವರ ಮೊಬೈಲು, ಕಚೇರಿಯ ಲ್ಯಾಪ್‌ಟಾಪು ಮಾತ್ರ ಒಳಗೆ ಬರುತ್ತವೆ. ಆಲ್ಬಂ ನೋಡಬೇಕೆನ್ನುವ ಮದುವೆ ಮನೆಯವರಿಗೆ ಪೆನ್‌ಡ್ರೈವ್ ಕೊಡಿ, ಅವರೂ ಅದನ್ನೇ ಕೇಳುತ್ತಾರೆ.

ಕರೆಂಟಿನ ಮಾತು ಬಂದರೆ ಶಕ್ತಿನಗರದವರು ನಕ್ಕಾರು. 1985ರಿಂದ ರಾಜ್ಯಕ್ಕೆ ವಿದ್ಯುತ್ ಕಳಿಸುತ್ತಿರುವ, 1,720 ಮೆಗಾವಾಟ್‌ನ ಸ್ಥಾವರ ಇಲ್ಲೇ ಕೃಷ್ಣೆಯ ದಂಡೆಯಲ್ಲಿದೆ, ಆದರೂ ಊರಿನ ಅಂಗಡಿಗಳಲ್ಲಿ ಇನ್ವರ್ಟರ್ ಕಾಯಂ. ಸರ್ವರಿಗೆ ಇನ್ವರ್ಟರ್ ಸಾಲದು. ಕರೆಂಟು ಹೋಗಿ ಬ್ಯಾಟರಿ ಮುಗಿಯುವ ಮುಂಚೆ ಯಂತ್ರಕ್ಕೆ ತಾನಾಗಿ ಆರಿಕೊಳ್ಳಲು ಸಂದೇಶ ಕೊಡುವ ಯುಪಿಎಸ್ ಬೇಕು. ಹಾಗಿಲ್ಲದಿದ್ದರೆ ಅರ್ಧಕ್ಕೆ ನಿಂತ ಅಪ್‌ಡೇಟು, ಅರ್ಧ ಬರೆದ ಡೇಟಾಬೇಸು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ ಮೆಟ್ಟಿಲ ಕೆಳಗಿನ ಬಾಗಿಲು ಮುಚ್ಚಿದ ಗೂಡಿನೊಳಗೆ ಡಿಸ್ಕು ಇಟ್ಟರೆ ಪ್ಲಗಿನ್ನೋ ಕೈಕೆಲಸವೋ ಎಂಬ ಚರ್ಚೆಯೇ ಬೇಕಾಗುವುದಿಲ್ಲ.

ವರ್ಷಕ್ಕೊಮ್ಮೆ, ಮದುವೆ ಸೀಜನ್ ಮುಗಿದು ಕೆಲಸ ತಗ್ಗಿದ ಆಷಾಢದಲ್ಲಿ, ಬ್ಯಾಕಪ್ ಡಿಸ್ಕನ್ನು ಸರ್ವರಿಗೆ ಸಂಬಂಧವೇ ಇಲ್ಲದ ಒಂದು ಕಂಪ್ಯೂಟರಿಗೆ ಹಚ್ಚಿ ನೋಡಿ. ಹಾಕಿಕೊಟ್ಟ ಹುಡುಗನಿಗೆ ಫೋನ್ ಮಾಡದೆ, ಕಾಗದದಲ್ಲಿ ಬರೆದಿಟ್ಟದ್ದನ್ನಷ್ಟೇ ನೋಡಿ, ಹೋದ ವರ್ಷದ ಯಾವುದಾದರೂ ಒಂದು ಮದುವೆಯ ಚಿತ್ರ ತೆರೆದರೆ ನಿಮ್ಮ ಕ್ಲೌಡು ನಿಮ್ಮದು. ತೆರೆಯದಿದ್ದರೆ ಅದನ್ನು ಯಾವ ದಾರಿಯಲ್ಲಿ ಹಾಕಿದ್ದೀರಿ ಎಂಬುದು ಮುಖ್ಯವಲ್ಲ. ಬ್ಯಾಕಪ್ಪಿನ ಆ ಡಿಸ್ಕು ಅದೇ ಅಂಗಡಿಯಲ್ಲಿ ಇರಬಾರದು. ದೇವದುರ್ಗದಲ್ಲಿ ತಂಗಿಯ ಮನೆಯಿದ್ದರೆ ಅಲ್ಲಿಡಿ, ಹಬ್ಬಕ್ಕೆ ಹೋದಾಗ ಬದಲಿಸಿಕೊಂಡು ಬನ್ನಿ. ಎರಡನೆಯ ಡಿಸ್ಕಿಗೆ ಸದ್ಯ ದುಡ್ಡಿಲ್ಲ, ಮುಂದಿನ ವರ್ಷ ನೋಡೋಣ ಎನ್ನುವವರಿಗೆ ನಾನು ಪ್ಲಗಿನ್ನೂ ಬೇಡ, ಕೈಕೆಲಸವೂ ಬೇಡ ಎನ್ನುತ್ತೇನೆ. ಅಲ್ಲಿಯವರೆಗೆ ತಿಂಗಳ ಬಾಡಿಗೆ ಕಟ್ಟಿ ಗೂಗಲ್‌ನಲ್ಲೇ ಇಡಲಿ.